ನೇಮಕವಾದ ಮೇಲೆ ಲೆಕ್ಕ ಕೇಳುವವರು ಯಾರು?

ಮಾರ್ಚ್ 31ಕ್ಕೆ ಹಣಕಾಸು ವರ್ಷ ಮುಗಿದ ಮೇಲೆ, ಜೂನ್ ಅಂತ್ಯದೊಳಗೆ, ಕೊಡಗಿನ ಕೆಲವು ಮನೆಗಳಿಂದ ಮಡಿಕೇರಿಗೆ ಒಂದು ಲೆಕ್ಕಪತ್ರ ಹೋಗಬೇಕು. ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವಿಧ ಅಂಗವೈಕಲ್ಯವಿರುವ ವಯಸ್ಕರೊಬ್ಬರಿಗೆ ಕಾನೂನುಬದ್ಧ ಪೋಷಕರಾಗಿ ನೇಮಕಗೊಂಡವರು, ಆ ವ್ಯಕ್ತಿಯ ಪಾಲಿಗೆ ಬಂದ ಹಣವೆಷ್ಟು, ಖರ್ಚಾದದ್ದೆಷ್ಟು, ಕೈಯಲ್ಲಿ ಉಳಿದದ್ದೆಷ್ಟು ಎಂಬುದನ್ನು ತಮ್ಮನ್ನು ನೇಮಿಸಿದ ಸಮಿತಿಗೆ ಒಪ್ಪಿಸಬೇಕೆಂದು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ 16ನೇ ಕಲಂ ಹೇಳುತ್ತದೆ. ಆದಾಯ ತೆರಿಗೆಯ ಗಡುವು, ಬೆಳೆಸಾಲ ನವೀಕರಣದ ಗಡುವು ನಮ್ಮಲ್ಲಿ ಪ್ರತಿಯೊಬ್ಬ ಬೆಳೆಗಾರನಿಗೂ ಬಾಯಿಪಾಠವಾಗಿವೆ. ಈ ಒಂದು ಗಡುವನ್ನು ಮಾತ್ರ ಯಾರೂ ಪ್ರಸ್ತಾಪಿಸಿದ್ದನ್ನು ನಾನು ಕೇಳಿಲ್ಲ.

ಕಾಫಿ ತೋಟಗಳ ಲೆಕ್ಕ ಬರೆಯುವುದು ನನ್ನ ಕಸುಬು. ಕೂಲಿಯವರ ಹಾಜರಿಯ ಚೆಕ್‌ರೋಲ್, ಗೊಬ್ಬರದ ಬಿಲ್ಲು, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನ ಚೀಟಿಗಳ ನಡುವೆ ಕುಳಿತವನ ಬಳಿಗೆ ನೆರೆಹೊರೆಯವರು ಬೇರೆ ಬೇರೆ ಅರ್ಜಿಗಳನ್ನು ತುಂಬಿಸಿಕೊಳ್ಳಲು ಬರುತ್ತಿರುತ್ತಾರೆ. ಪೋಷಕತ್ವದ ಅರ್ಜಿಗಳು ನನಗೆ ಪರಿಚಯವಾದದ್ದು ಹಾಗೆ. ಪ್ರಮಾಣಪತ್ರ ಕೈಸೇರಿದ ಸಂತೋಷವನ್ನು ಹಂಚಿಕೊಳ್ಳಲು ಅವರಲ್ಲಿ ಕೆಲವರು ಮತ್ತೆ ಬಂದದ್ದುಂಟು, ವಾರ್ಷಿಕ ಲೆಕ್ಕ ಬರೆಸಿಕೊಳ್ಳಲು ಯಾರೂ ಬಂದದ್ದಿಲ್ಲ. ಅವರು ಅಪ್ರಾಮಾಣಿಕರೆಂದು ನಾನು ಹೇಳುತ್ತಿಲ್ಲ. ಹೆಚ್ಚಿನವರು ತಮ್ಮ ಊಟ ನಿದ್ರೆ ಬಿಟ್ಟು ಮಗನನ್ನೋ ತಂಗಿಯನ್ನೋ ನೋಡಿಕೊಳ್ಳುತ್ತಿರುವವರು. ಲೆಕ್ಕ ಎಲ್ಲಿ ಎಂದು ಅವರನ್ನು ಕೇಳುವವರಿಲ್ಲ. ದುರ್ಬಲ ಸ್ಥಿತಿಯಲ್ಲಿರುವ ವಯಸ್ಕರ ಪೋಷಕತ್ವವನ್ನು ನಾವು ನೇಮಕದ ದಿನ ಮಾತ್ರ ಪರಿಶೀಲಿಸುತ್ತೇವೆ. ಪರಿಶೀಲನೆ ನಿಜವಾಗಿ ಬೇಕಾಗುವುದು ಆಮೇಲಿನ ಇಪ್ಪತ್ತು, ಮೂವತ್ತು ವರ್ಷಗಳಲ್ಲಿ, ಮತ್ತು ಆ ಪರಿಶೀಲನೆ ನಡೆಯುತ್ತಿದೆಯೇ ಇಲ್ಲವೇ ಎಂಬುದು ಜಿಲ್ಲೆಯ ಸಾಮಾನ್ಯ ಜನರಿಗೆ ತಿಳಿಯುವಂತಿರಬೇಕು ಎಂಬುದು ನನ್ನ ವಾದ.

ನೇಮಕದ ಕ್ರಮವನ್ನು ಮೊದಲು ಹೇಳಿಬಿಡುತ್ತೇನೆ. ಮಗುವಿಗೆ 18 ವರ್ಷ ತುಂಬಿದ ದಿನ ತಂದೆತಾಯಿಯ ಸಹಜ ಪೋಷಕತ್ವ ಕಾನೂನಿನ ಕಣ್ಣಿನಲ್ಲಿ ಕೊನೆಗೊಳ್ಳುತ್ತದೆ, ಮಗ ಅಥವಾ ಮಗಳ ಸ್ಥಿತಿ ಏನೇ ಇರಲಿ. ಆಮೇಲೆ ಅವರ ಪರವಾಗಿ ಸಹಿ ಹಾಕಬೇಕಾದರೆ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬೇಕು. ಈ ಸಮಿತಿಯಲ್ಲಿ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ ಮತ್ತು ಅಂಗವಿಕಲ ವ್ಯಕ್ತಿಯೊಬ್ಬರು ಇರಬೇಕು. ಕನಿಷ್ಠ ಮೂರು ತಿಂಗಳಿಗೊಮ್ಮೆಯಾದರೂ ಅದು ಸಭೆ ಸೇರಬೇಕು. ಆ ವ್ಯಕ್ತಿಗೆ ಪೋಷಕರ ಅಗತ್ಯವಿದೆಯೇ, ಇದ್ದರೆ ಯಾವ ಉದ್ದೇಶಕ್ಕೆ ಎಂಬುದನ್ನು ಸಮಿತಿ ನೋಡಬೇಕು. ಹೆಣ್ಣುಮಕ್ಕಳಿಗೆ ಒಂಟಿ ಗಂಡಸನ್ನು ಪೋಷಕನಾಗಿ ನೇಮಿಸುವಂತಿಲ್ಲ. ವೈದ್ಯಕೀಯ ಪ್ರಮಾಣಪತ್ರ, ಭಾವಚಿತ್ರ, ಸಂಬಂಧಿಕರ ಒಪ್ಪಿಗೆ ಎಂದು ಕಾಗದಪತ್ರಗಳ ಓಡಾಟವೂ ಸಾಕಷ್ಟಿದೆ. ಬಾಗಿಲಲ್ಲಿ ಇಷ್ಟೆಲ್ಲ ತಪಾಸಣೆ ಮಾಡಿದವರು ಒಳಗೆ ಹೋದವರ ಕಡೆಗೆ ಮತ್ತೆ ತಿರುಗಿ ನೋಡದಿರುವುದೇ ಇಲ್ಲಿನ ವಿಚಿತ್ರ.

ಕೊಡಗಿನಲ್ಲಿ ಈ ಅರ್ಜಿಗಳು ಹುಟ್ಟುವುದು ಹೆಚ್ಚಾಗಿ ಬ್ಯಾಂಕಿನ ಕೌಂಟರಿನಲ್ಲಿ. ಸೇನೆಯಲ್ಲಿ ದುಡಿದವರ ಮನೆಗಳು ನಮ್ಮಲ್ಲಿ ಎಷ್ಟಿವೆ ಎಂಬುದನ್ನು ಹೇಳಬೇಕಾಗಿಲ್ಲ. ನಿವೃತ್ತ ಯೋಧರೊಬ್ಬರು ತೀರಿಕೊಂಡು, ಅವರ ಪತ್ನಿಯೂ ತೀರಿಕೊಂಡ ಮೇಲೆ, ಸ್ವಂತವಾಗಿ ಸಂಪಾದಿಸಲಾಗದ ಅಂಗವಿಕಲ ಮಗ ಅಥವಾ ಮಗಳಿಗೆ ಕುಟುಂಬ ಪಿಂಚಣಿ ಜೀವನಪರ್ಯಂತ ಸಿಗುತ್ತದೆ. ಆ ಹಣ ಖಾತೆಗೆ ಬೀಳಬೇಕಾದರೆ ಖಾತೆಯನ್ನು ನಡೆಸುವವರು ಯಾರೆಂಬ ಪ್ರಶ್ನೆ ಬರುತ್ತದೆ, ಆಗ ಸೋದರಮಾವನೋ ಚಿಕ್ಕಪ್ಪನ ಮಗನೋ ಮುಂದೆ ಬರುತ್ತಾನೆ. ಅಂದರೆ, ತಂದೆತಾಯಿ ಇರುವವರೆಗೆ ಯಾರಿಗೂ ಬೇಡವಾಗಿದ್ದ ಈ ಕಾಗದ, ಅವರಿಬ್ಬರೂ ಇಲ್ಲವಾದ ಮೇಲೆ, ಅಂದರೆ ಆ ವ್ಯಕ್ತಿಯ ಮೇಲೆ ಸಹಜವಾದ ಕಾಳಜಿ ಇದ್ದ ಇಬ್ಬರೂ ಹೋದ ಮೇಲೆ, ಹಣದ ನೆಪದಲ್ಲಿ ಬೇಕಾಗುತ್ತದೆ. ಮೇಲ್ವಿಚಾರಣೆ ಅತ್ಯಂತ ಹೆಚ್ಚು ಬೇಕಾದ ಗಳಿಗೆ ಇದೇ.

ವಾರ್ಷಿಕ ಲೆಕ್ಕಕ್ಕಿಂತ ಮೊದಲು ಇನ್ನೊಂದು ಪಟ್ಟಿ ಇದೆ. ನೇಮಕವಾದ ಆರು ತಿಂಗಳೊಳಗೆ, ಆ ವ್ಯಕ್ತಿಗೆ ಸೇರಿದ ಸ್ಥಿರಾಸ್ತಿ, ಪೋಷಕರ ಕೈಗೆ ಬಂದ ಚರಾಸ್ತಿ, ಬರಬೇಕಾದ ಬಾಕಿ, ತೀರಿಸಬೇಕಾದ ಸಾಲ ಇವೆಲ್ಲವನ್ನೂ ಬರೆದು ಸಮಿತಿಗೆ ಕೊಡಬೇಕು. ದೆಹಲಿಯಲ್ಲಿ ಕುಳಿತು ಈ ನಿಯಮ ಬರೆದವರ ಕಣ್ಣ ಮುಂದೆ ಒಂದು ಫ್ಲ್ಯಾಟು, ಒಂದು ಠೇವಣಿ, ಒಂದು ಬ್ಯಾಂಕ್ ಪಾಸ್‌ಬುಕ್ ಇದ್ದಿರಬೇಕು. ನಮ್ಮ ಜಿಲ್ಲೆಯ ಆಸ್ತಿ ಹಾಗಿರುವುದಿಲ್ಲ. ಐದು ಎಕರೆ ತೋಟದ ಪಾಲು ಎಂದು ಬರೆದರೆ ಏನನ್ನೂ ಬರೆದಂತಾಗುವುದಿಲ್ಲ, ಏಕೆಂದರೆ ಆ ಐದು ಎಕರೆಯಲ್ಲಿ ರೊಬಸ್ಟಾ ಗಿಡಗಳಿವೆ, ಮರಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿಗಳಿವೆ, ಕಡಿದು ಮಾರಿದರೆ ಒಂದೇ ದಿನದಲ್ಲಿ ದೊಡ್ಡ ಮೊತ್ತವಾಗಿ ಬದಲಾಗಬಲ್ಲ ಸಿಲ್ವರ್ ಓಕ್ ಮರಗಳಿವೆ. ಮರ ಹೋದ ಮೇಲೂ ಪಹಣಿಯಲ್ಲಿ ಐದು ಎಕರೆ ಐದು ಎಕರೆಯಾಗಿಯೇ ಉಳಿಯುತ್ತದೆ. ಮೊದಲ ಪಟ್ಟಿಯಲ್ಲಿ ಮರಗಳ ಸಂಖ್ಯೆ ಇಲ್ಲದಿದ್ದರೆ, ಹತ್ತು ವರ್ಷಗಳ ನಂತರ ಎಷ್ಟು ಮರಗಳಿದ್ದವೆಂದು ಸಾಬೀತುಪಡಿಸಲು ಯಾವ ದಾಖಲೆಯೂ ಇರುವುದಿಲ್ಲ.

ವಾರ್ಷಿಕ ಲೆಕ್ಕದಲ್ಲಿಯೂ ಇಂತಹುದೇ ಒಂದು ತೊಡಕಿದೆ. ರೊಬಸ್ಟಾ ಕೊಯ್ಲು ಮುಗಿಯುವುದು ಮಾರ್ಚ್ ಹೊತ್ತಿಗೆ. ಬೆಲೆ ಏರಲಿ ಎಂದು ಬಹಳಷ್ಟು ಮಂದಿ ಒಣಗಿಸಿದ ಚೆರಿಯನ್ನು (ಕಾಫಿ ಹಣ್ಣನ್ನು) ಗೋದಾಮಿನಲ್ಲಿಯೋ ಕ್ಯೂರಿಂಗ್ ವರ್ಕ್ಸ್‌ನಲ್ಲಿಯೋ ಇಟ್ಟುಕೊಂಡು ತಿಂಗಳುಗಟ್ಟಲೆ ಕಾಯುತ್ತಾರೆ. ಮಾರ್ಚ್ 31ರ ಲೆಕ್ಕದಲ್ಲಿ ಬಂದ ಹಣವನ್ನು ಮಾತ್ರ ತೋರಿಸಿದರೆ, ಕೊಯ್ಲಿನ ಕೂಲಿ ಖರ್ಚಿನ ಕಡೆ ಕಾಣುತ್ತದೆ, ಮಾರದೆ ಉಳಿದ ಐವತ್ತು ಕೆ.ಜಿ. ಚೀಲಗಳು ಎಲ್ಲಿಯೂ ಕಾಣುವುದಿಲ್ಲ. ಯಾರಾದರೂ ಬೇಕೆಂದೇ ಹೀಗೆ ಬರೆದರೆ ಪ್ರತಿ ವರ್ಷವೂ ತೋಟ ನಷ್ಟದಲ್ಲಿದೆ ಎಂದು ನಂಬಿಸಬಹುದು. ಬೇಕೆಂದು ಮಾಡದಿದ್ದರೂ ಫಲ ಅದೇ. 2024 ಮತ್ತು 2025ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದಾಗ, ಅಲ್ಲಿಯವರೆಗೆ ಯಾರೂ ಲೆಕ್ಕಕ್ಕೆ ಹಿಡಿಯದಿದ್ದ ಸಣ್ಣ ಪಾಲುಗಳಿಗೂ ಇದ್ದಕ್ಕಿದ್ದಂತೆ ಬೆಲೆ ಬಂತು. ಮಾತನಾಡಲು ಬಾರದ ಪಾಲುದಾರನ ಬಗ್ಗೆ ದಿಢೀರನೆ ಪ್ರೀತಿ ಹುಟ್ಟಲು ಇಷ್ಟು ಸಾಕು. ಸಮಿತಿಯ ಮುಂದೆ ಬರುವ ಲೆಕ್ಕವನ್ನು ತೋಟದ ಲೆಕ್ಕ ಬಲ್ಲವರೊಬ್ಬರು ಓದಬೇಕೆಂದು ನಾನು ಹೇಳುವುದು ಕಸುಬಿನ ಅಭಿಮಾನದಿಂದಲ್ಲ.

ತಲೆಮಾರುಗಳಿಂದ ವಂಶಕ್ಕೆ ಬಂದ ಜಮ್ಮಾ ಹಿಡುವಳಿಯ ಜಮೀನಿನ ವಿಷಯ ಇನ್ನೂ ಸೂಕ್ಷ್ಮ. ಅದು ಒಕ್ಕಕ್ಕೆ, ಅಂದರೆ ಒಂದೇ ಮೂಲದ ಇಡೀ ಕೊಡವ ಮನೆತನಕ್ಕೆ ಸೇರಿದ್ದು. ದಾಖಲೆಯಲ್ಲಿ ಒಕ್ಕದ ಯಜಮಾನನಾದ ಪಟ್ಟೆದಾರನ ಹೆಸರು, ಅದರ ಜೊತೆಗೆ ಪಾಲುದಾರರ ಹೆಸರುಗಳು. ಬೌದ್ಧಿಕ ಅಸಾಮರ್ಥ್ಯವಿರುವ ತಮ್ಮನಿಗೆ ಅಣ್ಣನೇ ಪೋಷಕನಾದಾಗ, ಆ ಅಣ್ಣ ಅದೇ ಜಮೀನಿನ ಸಹಪಾಲುದಾರನೂ ಆಗಿರುತ್ತಾನೆ. ಮನೆಯೊಳಗೆ ಪಾಲು ಹಂಚಿಕೊಳ್ಳುವ ಮಾತು ಬಂದಾಗ ಅವನು ತನ್ನ ಪರವಾಗಿಯೂ ತಮ್ಮನ ಪರವಾಗಿಯೂ ಸಹಿ ಹಾಕುತ್ತಾನೆ. ನೀರಿನ ಕಡೆಯ ಗದ್ದೆ ಯಾರಿಗೆ, ಕಲ್ಲುಗುಡ್ಡದ ಬಾಣೆ ಯಾರಿಗೆ ಎಂಬುದನ್ನು ತೀರ್ಮಾನಿಸುವ ಮೇಜಿನ ಎರಡೂ ಬದಿಯಲ್ಲಿ ಒಬ್ಬನೇ ಕುಳಿತಿರುತ್ತಾನೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಇದನ್ನು ಮುಂಗಂಡಿದೆ: ಆಸ್ತಿ ಅಥವಾ ಹಣದ ವ್ಯವಹಾರವೊಂದರಲ್ಲಿ ನೆರವು ನೀಡುವವರ ಹಿತಕ್ಕೂ ನೆರವು ಪಡೆಯುವವರ ಹಿತಕ್ಕೂ ಘರ್ಷಣೆ ಬಂದರೆ, ನೆರವು ನೀಡುವವರು ಆ ವ್ಯವಹಾರದಿಂದ ಹಿಂದೆ ಸರಿಯಬೇಕು ಎಂದು 13ನೇ ಕಲಂ ಹೇಳುತ್ತದೆ. ರಕ್ತಸಂಬಂಧಿ ಎಂಬ ಒಂದೇ ಕಾರಣಕ್ಕೆ ಘರ್ಷಣೆ ಇದೆಯೆಂದು ಊಹಿಸಬಾರದು ಎಂದೂ ಅದೇ ಕಲಂ ಸೇರಿಸುತ್ತದೆ. ಎರಡೂ ನ್ಯಾಯವಾದ ಮಾತುಗಳೇ. ಊಹಿಸಬಾರದು ಎಂದ ಮೇಲೆ ನೋಡಿ ತಿಳಿಯಬೇಕಾಗುತ್ತದೆ, ನೋಡುವ ಕೆಲಸ ಮಾತ್ರ ಯಾರಿಗೂ ಹಂಚಿಕೆಯಾಗಿಲ್ಲ.

ಒಕ್ಕವೇ ಈ ಕೆಲಸವನ್ನು ಮಾಡುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ, ಅದರಲ್ಲಿ ಸತ್ಯವಿದೆ. ಪುತ್ತರಿ ಹಬ್ಬಕ್ಕೆ, ಕೈಲ್ ಪೊಳ್ದ್‌ಗೆ ಐನ್‌ಮನೆಯಲ್ಲಿ, ಅಂದರೆ ಒಕ್ಕದ ಮೂಲಮನೆಯಲ್ಲಿ, ಎಲ್ಲರೂ ಸೇರಿದಾಗ, ಮಾತು ಬಾರದ ಆ ಹುಡುಗ ಹೋದ ವರ್ಷಕ್ಕಿಂತ ಸೊರಗಿದ್ದಾನೆಯೇ, ಅವನ ಮೈಮೇಲಿನ ಬಟ್ಟೆ ಶುಚಿಯಾಗಿದೆಯೇ ಎಂಬುದು ಹತ್ತಾರು ಜನರ ಕಣ್ಣಿಗೆ ಬೀಳುತ್ತಿತ್ತು. ಅವನನ್ನು ಕರೆತಂದಿಲ್ಲದಿದ್ದರೆ ಏಕೆಂದು ಯಾರಾದರೊಬ್ಬ ದೊಡ್ಡಮ್ಮ ಕೇಳುತ್ತಿದ್ದರು. ಗೌಡ ಕುಟುಂಬಗಳ ಐನ್‌ಮನೆಗಳಲ್ಲಿಯೂ ಇದೇ ರೀತಿ ಇತ್ತು. ಈಗ ಅರ್ಧ ಒಕ್ಕ ಬೆಂಗಳೂರಿನಲ್ಲಿ, ಮಿಕ್ಕವರಲ್ಲಿ ಹಲವರು ವಿದೇಶದಲ್ಲಿ. ಹಬ್ಬಕ್ಕೆ ಬಂದವರು ಮಾರನೆಯ ದಿನವೇ ಹೊರಡುತ್ತಾರೆ. ಜೊತೆಗೆ, ಒಕ್ಕದ ಮೇಲ್ವಿಚಾರಣೆಯಲ್ಲಿ ಒಂದು ಮೂಲಭೂತ ಕೊರತೆ ಮೊದಲಿನಿಂದಲೂ ಇತ್ತು: ಮನೆಯ ಮಾತು ಹೊರಗೆ ಹೋಗಬಾರದೆಂಬ ಕಟ್ಟುಪಾಡು. ಅನ್ಯಾಯ ಕಂಡವರು ಮನೆಯೊಳಗೇ ಬೈದು ಸುಮ್ಮನಾಗುತ್ತಿದ್ದರು, ಪಾಲಿಗೆ ಸಂಬಂಧಿಸಿದ ಅನ್ಯಾಯವಾದರೆ ಬೈಯುವವರಿಗೂ ಅದರಲ್ಲಿ ಒಂದು ಪಾಲು ಇರುತ್ತಿತ್ತು. ಹಳೆಯ ವ್ಯವಸ್ಥೆಯನ್ನು ನೆನೆದು ನಿಟ್ಟುಸಿರು ಬಿಡುವವರ ಗುಂಪಿನಲ್ಲಿ ನಾನಿಲ್ಲ.

ಆಸ್ತಿ ಇಲ್ಲದವರ ಪೋಷಕತ್ವದ ಬಗ್ಗೆ ಮಾತೇ ಬರುವುದಿಲ್ಲ. ತೋಟದ ಲೈನ್‌ಮನೆಗಳಲ್ಲಿ, ಹಾಡಿಗಳಲ್ಲಿ ಇರುವ ಯರವ, ಜೇನುಕುರುಬ ಕುಟುಂಬಗಳಲ್ಲಿ ಬೌದ್ಧಿಕ ಅಸಾಮರ್ಥ್ಯವಿರುವ ವಯಸ್ಕರಿಗೆ ಸರ್ಕಾರದ ಮಾಸಾಶನ ಬರುತ್ತದೆ, ಖಾತೆಯೂ ಇರುತ್ತದೆ. ಎಟಿಎಂ ಕಾರ್ಡು ಯಾರ ಕೈಯಲ್ಲಿದೆಯೋ ಅವರೇ ಪೋಷಕರು. ಅಂಥವರಿಗೆ ಯಾವ ಪ್ರಮಾಣಪತ್ರವೂ ಇಲ್ಲದಿರುವುದರಿಂದ 16ನೇ ಕಲಮಿನ ಲೆಕ್ಕವೂ ಅವರಿಗೆ ಅನ್ವಯಿಸುವುದಿಲ್ಲ. ಮೊತ್ತ ಸಣ್ಣದು ಎಂದು ತಳ್ಳಿಹಾಕುವವರು, ಆ ವ್ಯಕ್ತಿಯ ಇಡೀ ಸಂಪತ್ತು ಅದೇ ಎಂಬುದನ್ನು ಗಮನಿಸಬೇಕು.

ವೃದ್ಧರ ಸ್ಥಿತಿ ಬೇರೆಯದೇ ಆದ ಕಾನೂನಿನ ಬಿರುಕಿನಲ್ಲಿದೆ. ಮಕ್ಕಳೆಲ್ಲ ಹೊರಗಿರುವ, ತೋಟದ ನಡುವಿನ ದೊಡ್ಡ ಮನೆಯಲ್ಲಿ ಒಂಟಿಯಾಗಿರುವ ಅಜ್ಜಿಗೆ ಮರೆವಿನ ಕಾಯಿಲೆ ಶುರುವಾದರೆ, ನ್ಯಾಷನಲ್ ಟ್ರಸ್ಟ್ ಕಾಯ್ದೆ ಅವರನ್ನು ಒಳಗೊಳ್ಳುವುದಿಲ್ಲ. ಅದು ಹೇಳಿದ ನಾಲ್ಕು ಬಗೆಗಳಲ್ಲಿ ಡಿಮೆನ್ಷಿಯಾ ಇಲ್ಲ. ಜನ ನಂಬಿಕೊಂಡಿರುವುದು ಜನರಲ್ ಪವರ್ ಆಫ್ ಅಟಾರ್ನಿಯನ್ನು. ಆದರೆ 1872ರ ಭಾರತೀಯ ಒಪ್ಪಂದ ಕಾಯ್ದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟ ವ್ಯಕ್ತಿಯ ಬುದ್ಧಿ ಸ್ವಾಸ್ಥ್ಯ ತಪ್ಪಿದರೆ ಆ ಅಧಿಕಾರವೇ ಕೊನೆಗೊಳ್ಳುತ್ತದೆ. ಯಾವ ಸ್ಥಿತಿಗಾಗಿ ಆ ಪತ್ರವನ್ನು ಮಾಡಿಸಿಟ್ಟರೋ ಆ ಸ್ಥಿತಿ ಬಂದ ಕೂಡಲೇ ಅದು ನಿರರ್ಥಕವಾಗುತ್ತದೆ, ಆದರೂ ಅದೇ ಪತ್ರವನ್ನು ಹಿಡಿದುಕೊಂಡು ಕಾಫಿ ಮಾರುವುದು, ಬಾಡಿಗೆ ವಸೂಲು ಮಾಡುವುದು, ಮನೆಯನ್ನು ಹೋಂಸ್ಟೇಗೆ ಕೊಡುವುದು ನಡೆದೇ ಇರುತ್ತದೆ. ಹೋಂಸ್ಟೇಗೆ ಬಂದ ಅತಿಥಿಗಳು ಮುಂದಿನ ಕೋಣೆಗಳಲ್ಲಿರುವಾಗ ಮನೆಯ ಒಡತಿ ಹಿಂದಿನ ಕೋಣೆಗೆ ಸರಿದಿದ್ದರೆ, ಆ ಬಾಡಿಗೆಯಲ್ಲಿ ಎಷ್ಟು ಭಾಗ ಅವರ ಔಷಧಕ್ಕೆ, ದಾದಿಯ ಸಂಬಳಕ್ಕೆ ಹೋಗುತ್ತಿದೆ ಎಂದು ಕೇಳುವ ಅಧಿಕಾರ ಯಾರಿಗಿದೆ?

1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇದಕ್ಕೆ ಒಂದು ದಾರಿ ಇತ್ತು. ಜಿಲ್ಲಾ ನ್ಯಾಯಾಲಯ ವಿಚಾರಣೆ ನಡೆಸಿ, ಮಾನಸಿಕ ಅಸ್ವಸ್ಥರ ಆಸ್ತಿಗೆ ವ್ಯವಸ್ಥಾಪಕರನ್ನು ನೇಮಿಸಿ, ಅವರಿಂದ ಪ್ರತಿ ವರ್ಷ ಲೆಕ್ಕ ಕೇಳಬಹುದಾಗಿತ್ತು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಹಕ್ಕುಗಳ ವಿಷಯದಲ್ಲಿ ಬಹಳ ಮುಂದೆ ಹೋಗಿದೆ, ಆದರೆ ಅದರ ನಾಮನಿರ್ದೇಶಿತ ಪ್ರತಿನಿಧಿಯ ಕೆಲಸ ಚಿಕಿತ್ಸೆಗೆ ಸೀಮಿತ. ಆಸ್ತಿಯ ಅಧ್ಯಾಯವನ್ನು ಅದು ಮುಂದುವರಿಸಲಿಲ್ಲ. ಉಳಿದಿರುವುದು 2016ರ ಕಾಯ್ದೆಯ 14ನೇ ಕಲಮಿನ ಸೀಮಿತ ಪೋಷಕತ್ವ (ನಿರ್ದಿಷ್ಟ ಅವಧಿಗೆ, ನಿರ್ದಿಷ್ಟ ತೀರ್ಮಾನಕ್ಕೆ ಮಾತ್ರ ಸಲ್ಲುವ ಪೋಷಕತ್ವ) ಅಥವಾ ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ. ನಮ್ಮ ಗಡಿಯಾಚೆ, ಕೇರಳ ಉಚ್ಚ ನ್ಯಾಯಾಲಯ 2019ರಲ್ಲಿ, ಕೋಮಾ ಸ್ಥಿತಿಯಲ್ಲಿರುವವರಿಗೆ ಪೋಷಕರನ್ನು ನೇಮಿಸುವ ಬಗ್ಗೆ ಮಾರ್ಗಸೂಚಿ ನೀಡಿತು. ಅದರಂತೆ ಪೋಷಕರು ಆರು ತಿಂಗಳಿಗೊಮ್ಮೆ ತಾವು ನಡೆಸಿದ ವ್ಯವಹಾರಗಳ ಮತ್ತು ಹಣ ಬಳಸಿದ ರೀತಿಯ ವರದಿಯನ್ನು ನ್ಯಾಯಾಲಯದ ರಿಜಿಸ್ಟ್ರಾರ್ ಜನರಲ್ ಅವರಿಗೆ ಸಲ್ಲಿಸಬೇಕು. ಶಾಸನವೇ ಇಲ್ಲದ ಕಡೆ ನ್ಯಾಯಾಲಯ ವರ್ಷಕ್ಕೆ ಎರಡು ವರದಿ ಕೇಳುತ್ತದೆ. ಶಾಸನವಿರುವ ಕಡೆ ಒಂದನ್ನೂ ಕೇಳುವವರಿಲ್ಲ ಎಂಬ ಸ್ಥಿತಿ ನನಗೆ ನಗು ತರಿಸುವುದಿಲ್ಲ.

ಹಿರಿಯ ನಾಗರಿಕರ 2007ರ ಕಾಯ್ದೆಯನ್ನು ಹಲವರು ಇಲ್ಲಿ ನೆನಪಿಸುತ್ತಾರೆ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಆ ಷರತ್ತು ಮುರಿದಾಗ, ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ 23ನೇ ಕಲಮಿನಡಿ ಹಿಂತಿರುಗಿಸಬಲ್ಲದು, ನಿಜ. ಅದು ಹೋದ ಆಸ್ತಿಯನ್ನು ಮರಳಿಸುವ ಕಾನೂನು. ಇನ್ನೂ ಹೋಗದ ಆಸ್ತಿಯನ್ನು ದಿನನಿತ್ಯ ಯಾರು ನಡೆಸುತ್ತಿದ್ದಾರೆ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ.

ಇನ್ನು ದೂರಿನ ವಿಷಯಕ್ಕೆ ಬರುತ್ತೇನೆ. ಪೋಷಕರು ಹಿಂಸಿಸುತ್ತಿದ್ದಾರೆ, ನಿರ್ಲಕ್ಷಿಸುತ್ತಿದ್ದಾರೆ ಅಥವಾ ಆಸ್ತಿಯನ್ನು ದುರುಪಯೋಗ ಮಾಡುತ್ತಿದ್ದಾರೆ ಎಂದು ಕಂಡರೆ ಅವರನ್ನು ತೆಗೆದುಹಾಕಲು ನ್ಯಾಷನಲ್ ಟ್ರಸ್ಟ್ ಕಾಯ್ದೆಯ 17ನೇ ಕಲಮಿನಡಿ ಅರ್ಜಿ ಹಾಕಬಹುದು. ಯಾರು ಹಾಕಬಹುದು ಎಂಬುದನ್ನು ಗಮನವಿಟ್ಟು ಓದಿ: ತಂದೆ ಅಥವಾ ತಾಯಿ, ಸಂಬಂಧಿಕರು, ನೋಂದಾಯಿತ ಸಂಸ್ಥೆ. ತಂದೆತಾಯಿ ಹೆಚ್ಚಿನ ಪಕ್ಷ ತೀರಿಕೊಂಡಿದ್ದಾರೆ. ಸಂಬಂಧಿಕರು ಪಾಲುದಾರರು. ಪಕ್ಕದ ಮನೆಯವರು, ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆ ಈ ಪಟ್ಟಿಯಲ್ಲಿ ಇಲ್ಲ. ಪೋಷಕತ್ವಕ್ಕೆ ಒಳಪಟ್ಟ ವ್ಯಕ್ತಿಯೂ ಇಲ್ಲ. ತನ್ನ ಪೋಷಕ ತನ್ನನ್ನು ಹೊಡೆಯುತ್ತಾನೆ ಎಂದು ಹೇಳಬಲ್ಲ ವಯಸ್ಕನೊಬ್ಬ ತಾನೇ ಅರ್ಜಿ ಹಾಕಬಹುದು ಎಂದು ಆ ಕಲಂ ಹೇಳುವುದಿಲ್ಲ.

ಹಾಗೆಂದು ನೆರೆಯವರ ಕೈ ಪೂರ್ತಿ ಕಟ್ಟಿಹಾಕಿಲ್ಲ. 2016ರ ಕಾಯ್ದೆಯ 7ನೇ ಕಲಮಿನ ಪ್ರಕಾರ, ಅಂಗವಿಕಲ ವ್ಯಕ್ತಿಯ ಮೇಲೆ ದೌರ್ಜನ್ಯ ಅಥವಾ ಶೋಷಣೆ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯುವ ಸಂಭವವಿದೆ ಎಂದು ನಂಬಲು ಕಾರಣವಿರುವ ಯಾವುದೇ ವ್ಯಕ್ತಿ ಆ ಪ್ರದೇಶದ ಕಾರ್ಯಪಾಲಕ ದಂಡಾಧಿಕಾರಿಗೆ ಮಾಹಿತಿ ಕೊಡಬಹುದು. ನಮ್ಮಲ್ಲಿ ತಹಶೀಲ್ದಾರರೇ ಆ ಅಧಿಕಾರಿ; ಪೊನ್ನಂಪೇಟೆ ಮತ್ತು ಕುಶಾಲನಗರ ಪ್ರತ್ಯೇಕ ತಾಲ್ಲೂಕುಗಳಾದ ಮೇಲೆ ಅವರ ಕಚೇರಿ ಹಲವು ಊರುಗಳಿಗೆ ಮೊದಲಿಗಿಂತ ಹತ್ತಿರವಾಗಿದೆ. ಅಂಗವಿಕಲ ವ್ಯಕ್ತಿಯ ಹೊಣೆ ಹೊತ್ತವರು ತಿಳಿದೂ ತಿಳಿದೂ ಅವರಿಗೆ ಅನ್ನ ನೀರು ಕೊಡದಿದ್ದರೆ ಅದು 92ನೇ ಕಲಮಿನಡಿ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಮಡಿಕೇರಿಯಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬೇಕು. ಇಷ್ಟು ತಿಳಿದಿದ್ದರೆ, ತನಗೇಕೆ ಈ ಉಸಾಬರಿ ಎಂದು ಬೇಲಿಯಾಚೆ ನಿಂತವರಲ್ಲಿ ಒಬ್ಬಿಬ್ಬರಾದರೂ ಮುಂದೆ ಬಂದಾರು.

ಬೇರೆ ದೇಶಗಳಲ್ಲಿ ಏನಾಗಿದೆ ಎಂದು ನೋಡಿದರೆ ಎರಡು ಬಗೆಯ ಪಾಠ ಸಿಗುತ್ತದೆ. ಅಮೆರಿಕದ ನೆವಾಡಾ ರಾಜ್ಯದ ಕ್ಲಾರ್ಕ್ ಕೌಂಟಿಯಲ್ಲಿ, ಹಣ ಪಡೆದು ಪೋಷಕತ್ವ ನಡೆಸುತ್ತಿದ್ದ ಮಹಿಳೆಯೊಬ್ಬಳಿಗೆ, ಅಪರಿಚಿತ ವೃದ್ಧರ ಆಸ್ತಿಯನ್ನು ಲೂಟಿ ಮಾಡಿದ್ದಕ್ಕಾಗಿ 2019ರಲ್ಲಿ ಕನಿಷ್ಠ 16 ವರ್ಷಗಳ ಸೆರೆವಾಸ ವಿಧಿಸಲಾಯಿತು. ಆಕೆಯ ನೇಮಕಗಳೆಲ್ಲ ನ್ಯಾಯಾಲಯದ ಮೂಲಕವೇ, ಕಾಗದದ ಮೇಲೆ ಕ್ರಮಬದ್ಧವಾಗಿಯೇ ಆಗಿದ್ದವು. ಇನ್ನೊಂದೆಡೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಮಾನಸಿಕ ಸಾಮರ್ಥ್ಯ ಕಾಯ್ದೆಯಡಿ 2007ರಲ್ಲಿ ಆರಂಭವಾದ ಪಬ್ಲಿಕ್ ಗಾರ್ಡಿಯನ್ ಕಚೇರಿ, ನ್ಯಾಯಾಲಯ ನೇಮಿಸಿದವರಿಂದ ವಾರ್ಷಿಕ ವರದಿ ಪಡೆಯುತ್ತದೆ, ಅವರು ಭದ್ರತಾ ಬಾಂಡ್ ಇಡಬೇಕಾಗುತ್ತದೆ, ಅನುಮಾನ ಬಂದರೆ ಮನೆಗೆ ಭೇಟಿ ನೀಡುವವರನ್ನು ಕಳುಹಿಸುತ್ತದೆ. ಅಲ್ಲಿ ಯಾರು ಬೇಕಾದರೂ ಆತಂಕವನ್ನು ತಿಳಿಸಬಹುದು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಕಮ್ಯುನಿಟಿ ವಿಸಿಟರ್ಸ್ ಎಂಬ ಸ್ವಯಂಸೇವಕರು ಅಂಗವಿಕಲರ ವಸತಿಗಳಿಗೆ ಮುನ್ಸೂಚನೆಯಿಲ್ಲದೆ ಹೋಗಿ ನೋಡುವ ಅಧಿಕಾರವನ್ನು ಕಾನೂನಿನಿಂದಲೇ ಪಡೆದಿದ್ದಾರೆ, ಅವರ ವಾರ್ಷಿಕ ವರದಿ ಆ ರಾಜ್ಯದ ಸಂಸತ್ತಿನ ಮುಂದೆ ಬರುತ್ತದೆ. ನನಗೆ ಹೆಚ್ಚು ಹಿಡಿಸುವುದು ಈ ಕೊನೆಯದು. ಅದಕ್ಕೆ ಬೇಕಾಗುವುದು ದೊಡ್ಡ ಇಲಾಖೆಯಲ್ಲ. ನಿವೃತ್ತ ಶಿಕ್ಷಕರು, ನಿವೃತ್ತ ಸುಬೇದಾರರು, ದಾದಿಯರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಸಾರ್ವಜನಿಕ ಮೇಲ್ವಿಚಾರಣೆ ಎಂದರೆ ಎಲ್ಲರ ಹೆಸರನ್ನೂ ಪಂಚಾಯಿತಿಯ ಸೂಚನಾ ಫಲಕದಲ್ಲಿ ಅಂಟಿಸುವುದು ಎಂದು ಕೆಲವರು ಹೆದರುತ್ತಾರೆ. ಆ ಹೆದರಿಕೆ ನನ್ನಲ್ಲಿಯೂ ಇದೆ. ಕೊಡಗು ಚಿಕ್ಕ ಜಿಲ್ಲೆ. ಮನೆಹೆಸರು ಹೇಳಿದರೆ ಸಾಕು, ಊರು, ಅಜ್ಜ, ತೋಟ ಎಲ್ಲವೂ ಗೊತ್ತಾಗಿಬಿಡುತ್ತವೆ. ಗ್ರಾಮಸಭೆಯಲ್ಲಿ ಒಬ್ಬ ಹೆಣ್ಣುಮಗಳ ಮಾನಸಿಕ ಸ್ಥಿತಿ ಚರ್ಚೆಯಾಗಬೇಕೆಂದು ಯಾರೂ ಬಯಸಲಾರರು. ತೆರೆದಿಡಬೇಕಾದದ್ದು ಸಮಿತಿಯ ಕೆಲಸವನ್ನು. ವರ್ಷದಲ್ಲಿ ಸಮಿತಿ ಎಷ್ಟು ಬಾರಿ ಸೇರಿತು, ಜಿಲ್ಲೆಯಲ್ಲಿ ಒಟ್ಟು ಎಷ್ಟು ಪೋಷಕತ್ವಗಳು ಚಾಲ್ತಿಯಲ್ಲಿವೆ, ಆರು ತಿಂಗಳ ಆಸ್ತಿ ಪಟ್ಟಿ ಎಷ್ಟು ಮಂದಿಯಿಂದ ಬಂದಿದೆ, ವಾರ್ಷಿಕ ಲೆಕ್ಕ ಎಷ್ಟು ಮಂದಿಯಿಂದ ಬಂದಿದೆ, ಬಾರದವರಿಗೆ ನೋಟಿಸ್ ಹೋಗಿದೆಯೇ, ಯಾರನ್ನಾದರೂ ತೆಗೆದುಹಾಕಲಾಗಿದೆಯೇ? ಇದರಲ್ಲಿ ಯಾರ ಹೆಸರೂ ಬರುವುದಿಲ್ಲ, ಯಾರ ಕಾಯಿಲೆಯೂ ಬರುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನ ಆಶಯದಂತೆ ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕಾದ ಬಗೆಯ ಮಾಹಿತಿ ಇದು. ಪ್ರಕಟಿಸದಿದ್ದರೆ ಹತ್ತು ರೂಪಾಯಿ ಶುಲ್ಕದ ಅರ್ಜಿಯಲ್ಲಿ ಕೇಳಬಹುದು, ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಅರ್ಜಿಯಲ್ಲಿ ಒಂದೇ ಒಂದು ವ್ಯಕ್ತಿಯ ವಿವರವನ್ನೂ ಕೇಳಬಾರದು. ಕೇಳಿದರೆ ವೈಯಕ್ತಿಕ ಮಾಹಿತಿ ಎಂಬ ಕಾರಣ ನೀಡಿ ಇಡೀ ಅರ್ಜಿಯನ್ನೇ ಬದಿಗಿಡಲು ದಾರಿ ಮಾಡಿಕೊಟ್ಟಂತಾಗುತ್ತದೆ.

ಕಾಗದದ ಲೆಕ್ಕ ಸರಿಯಿದ್ದ ಮಾತ್ರಕ್ಕೆ ಮನುಷ್ಯ ಚೆನ್ನಾಗಿದ್ದಾನೆ ಎಂದಾಗುವುದಿಲ್ಲ ಎಂಬುದನ್ನು ಲೆಕ್ಕ ಬರೆಯುವವನಾಗಿ ನಾನೇ ಹೇಳಬೇಕು. ಮನೆಗೆ ಹೋಗಿ ನೋಡುವವರು ಬೇಕು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಸ್ವತಃ ಅಂಗವೈಕಲ್ಯವಿರುವ ಈ ಕಾರ್ಯಕರ್ತರು ಅಲ್ಪ ಗೌರವಧನಕ್ಕೆ, ಬಸ್ಸು ಬಾರದ ಊರುಗಳಿಗೂ ಹೋಗಿ ಮಾಸಾಶನದ, ಗುರುತಿನ ಚೀಟಿಯ ಕೆಲಸ ಮಾಡಿಕೊಡುತ್ತಾರೆ. ಸಮಿತಿ ಇವರಿಗೆ ವರ್ಷಕ್ಕೊಮ್ಮೆ ಪ್ರತಿ ಪೋಷಕತ್ವದ ಮನೆಗೆ ಭೇಟಿ ನೀಡಿ ಒಂದು ಪುಟದ ವರದಿ ಬರೆಯಲು ಸೂಚಿಸಿದರೆ, ಅದಕ್ಕೆ ಪ್ರತ್ಯೇಕ ಗೌರವಧನವನ್ನೂ ಕೊಟ್ಟರೆ, ಹೊಸ ಕಾನೂನು ಬೇಕಾಗುವುದಿಲ್ಲ. ಆದರೆ ಆ ಕಾರ್ಯಕರ್ತೆಯೂ ಅದೇ ಊರಿನವಳು, ದೊಡ್ಡ ತೋಟದ ಯಜಮಾನನ ವಿರುದ್ಧ ಬರೆಯಲು ಅವಳಿಗೆ ಕಷ್ಟವಾಗಬಹುದು. ಅದಕ್ಕಾಗಿಯೇ ಜೊತೆಗೆ ಇನ್ನೊಬ್ಬರು ಹೋಗಬೇಕು, ಬೇರೆ ತಾಲ್ಲೂಕಿನಿಂದ, ಕಾನೂನು ಸೇವಾ ಪ್ರಾಧಿಕಾರದ ಅರೆಕಾಲಿಕ ಸ್ವಯಂಸೇವಕರೊಬ್ಬರು.

ಕೊನೆಯದಾಗಿ ಒಂದು ವಿಷಯ, ನನ್ನ ಮಟ್ಟಿಗೆ ಇದೇ ಮುಖ್ಯವಾದದ್ದು. ಸೀಮಿತ ಪೋಷಕತ್ವ ಎಂದರೆ ಪೋಷಕ ಮತ್ತು ಆ ವ್ಯಕ್ತಿ ಪರಸ್ಪರ ನಂಬಿಕೆಯಿಂದ ಒಟ್ಟಿಗೆ ತೀರ್ಮಾನಿಸುವ ವ್ಯವಸ್ಥೆ, ಅದು ನಿರ್ದಿಷ್ಟ ಅವಧಿಗೆ ಮತ್ತು ನಿರ್ದಿಷ್ಟ ತೀರ್ಮಾನಕ್ಕೆ ಮಾತ್ರ, ಆ ವ್ಯಕ್ತಿಯ ಇಚ್ಛೆಗೆ ಅನುಗುಣವಾಗಿ ನಡೆಯಬೇಕು ಎಂದು 2016ರ ಕಾಯ್ದೆ ಹೇಳುತ್ತದೆ; ಬೇರೆ ಯಾವುದೇ ಕಾನೂನಿನಡಿ ನೇಮಕಗೊಂಡ ಪೋಷಕರನ್ನೂ ಸೀಮಿತ ಪೋಷಕರೆಂದೇ ಭಾವಿಸಬೇಕೆಂದೂ ಹೇಳುತ್ತದೆ. ಇಚ್ಛೆಯನ್ನು ತಿಳಿಯಬೇಕಾದರೆ ಅವರನ್ನು ಕೇಳಬೇಕು. ಯಾವ ಭಾಷೆಯಲ್ಲಿ? ಮನೆಯಲ್ಲಿ ಕೊಡವ ತಕ್ಕ್ ಮಾತ್ರ ಕೇಳಿ ಬೆಳೆದವರಿದ್ದಾರೆ, ಅರೆಭಾಷೆಯವರಿದ್ದಾರೆ, ಯರವ ಭಾಷೆ, ಮಲಯಾಳ, ಬ್ಯಾರಿ ಆಡುವವರಿದ್ದಾರೆ. ಮಾತಿಗಿಂತ ಸನ್ನೆಯನ್ನೇ ಹೆಚ್ಚು ಬಳಸುವವರಿದ್ದಾರೆ. ಹೊರ ಜಿಲ್ಲೆಯಿಂದ ಬಂದ ಅಧಿಕಾರಿ ಕನ್ನಡದಲ್ಲಿ ಕೇಳಿದ ಪ್ರಶ್ನೆಯನ್ನು ಅವರಿಗೆ ತಿಳಿಸಿ, ಅವರ ಉತ್ತರವನ್ನು ಅಧಿಕಾರಿಗೆ ಹೇಳುವವರು ಪಕ್ಕದಲ್ಲಿ ನಿಂತಿರುವ ಪೋಷಕರೇ. ನಿನ್ನನ್ನು ಇವರು ಚೆನ್ನಾಗಿ ನೋಡಿಕೊಳ್ಳುತ್ತಾರೆಯೇ ಎಂಬ ಪ್ರಶ್ನೆಗೆ ಅದೇ ಪೋಷಕರ ಬಾಯಿಯಿಂದ ಉತ್ತರ ಪಡೆದು ಕಡತದಲ್ಲಿ ಬರೆದುಕೊಂಡರೆ ಅದನ್ನು ವಿಚಾರಣೆ ಎಂದು ಕರೆಯಲಾಗದು. ಅರ್ಜಿ ಹಾಕಿಸಲು ನನ್ನ ಬಳಿಗೆ ಬರುವವರಿಗೆ ಈಗ ನಾನು ಇನ್ನೊಂದು ಸಾಲನ್ನು ಸೇರಿಸಿ ಬರೆದುಕೊಡುತ್ತಿದ್ದೇನೆ: ಸಮಿತಿಯು ವ್ಯಕ್ತಿಯನ್ನು ಮಾತನಾಡಿಸುವಾಗ ಪೋಷಕರು ಕೋಣೆಯ ಹೊರಗಿರಲಿ, ಅದೇ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ ಅಥವಾ ಆ ಭಾಷೆ ಬಲ್ಲ ಬೇರೊಬ್ಬರು ದುಭಾಷಿಯಾಗಿರಲಿ, ಪ್ರತಿ ವರ್ಷದ ಲೆಕ್ಕ ಸಲ್ಲಿಸುವಾಗಲೂ ಇದೇ ಕ್ರಮ ಮುಂದುವರಿಯಲಿ ಎಂದು. ಈ ಸಾಲಿಗೆ ಸಹಿ ಹಾಕಲು ಇಲ್ಲಿಯವರೆಗೆ ಯಾವ ಪ್ರಾಮಾಣಿಕ ಅರ್ಜಿದಾರರೂ ಹಿಂಜರಿದಿಲ್ಲ.